ಮೂಗು ಬಗ್ಗಿದ ವಿಮಾನ

ಬೆಟಗೇರಿಯ ಲಕ್ಷ್ಮಪ್ಪನಿಗೆ ಸಂಶಯ ಹುಟ್ಟಿನಿಂದ ಬಂದದ್ದಲ್ಲ, ಬಿದ್ದ ಮೇಲೆ ಬಂದದ್ದು. ಈಗಂತೂ ಅದು ಎಷ್ಟು ಬೆಳೆದಿದೆಯೆಂದರೆ, ಹೆಂಡತಿ ಹನಮಂತವ್ವ ಚಹಾ ತಂದಿಟ್ಟರೂ ಕಪ್ಪಿನ ಬಸಿ ಎತ್ತಿ ಕೆಳಗೆ ನೋಡುತ್ತಾನೆ. ಏನು ಹುಡುಕುತ್ತಾನೋ ಅವನಿಗೂ ಗೊತ್ತಿಲ್ಲ. ಹಗ್ಗವನ್ನು ಹಾವೆಂದು ತಿಳಿದು ಹೆದರುವವರು ಎಲ್ಲ ಊರಲ್ಲೂ ಇದ್ದಾರೆ. ಹಗ್ಗವನ್ನು ಹಗ್ಗವೆಂದೇ ತಿಳಿದು ಹೆದರುವವನು ಇವನೊಬ್ಬನೇ.

ಹೆದರಿಕೆಗೆ ಕಾರಣವಿತ್ತು. ಭಾರ ಎತ್ತಿಳಿಸುವುದೇ ಅವನ ಕಸುಬು. ಅಡರಕಟ್ಟಿಯಲ್ಲಿ ಹುಟ್ಟಿ, ಮದುವೆಯಾದ ಮೇಲೆ ಬೆಟಗೇರಿಗೆ ಬಂದು, ಬಾವಿಯಿಂದ ಮೋಟಾರು ಮೇಲೆತ್ತುವುದು, ಮಾಳಿಗೆಗೆ ನೀರಿನ ಟಾಕಿ ಏರಿಸುವುದು, ಗುಡಿಗೆ ಗಂಟೆ ತೂಗುಹಾಕುವುದು ಇಂಥ ಕೆಲಸದಲ್ಲೇ ತಲೆ ನರೆತವನು. ಜೊತೆಗಾರ ಭೀಮೇಶ, ಹನಮಂತವ್ವನ ತಮ್ಮ, ಮುಂಡರಗಿಯವನು.

ಬಹಳ ವರ್ಷದ ಹಿಂದೆ ಅಂತೂರ ಬೆಂತೂರದ ಒಂದು ಬಾವಿಗೆ ಲಕ್ಷ್ಮಪ್ಪ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯುತ್ತಿದ್ದ. ಮೇಲೆ ಹಗ್ಗ ಹಿಡಿದವನು ಭೀಮೇಶ. ಅರ್ಧ ಇಳಿದಿರಬೇಕು, ಹಗ್ಗ ಸರ್ರನೆ ಓಡಿತು. ತಳದ ಕಲ್ಲಿಗೆ ಬಿದ್ದು ಕಾಲು ಮುರಿಯಿತು. ಹಗ್ಗ ಹಸಿಯಾಗಿತ್ತು, ಜಾರಿತು ಎಂದರು ನೋಡಿದವರು. ಆದರೆ ಅದೇ ವಾರ ಲಕ್ಷ್ಮಪ್ಪ ನಾಲ್ಕು ಜನರ ಮುಂದೆ ಹೆಂಡತಿಗೆ ಬಾಯಿಗೆ ಬಂದಂತೆ ಬೈದಿದ್ದ, ಅವಳು ಅಳುತ್ತ ತವರಿಗೆ ಹೋಗಿದ್ದಳು. ತಮ್ಮನ ಕಣ್ಣು ಕೆಂಪಾಗಿದ್ದನ್ನು ಇವನು ನೋಡಿದ್ದ. ಸಾಲದ್ದಕ್ಕೆ, ಇವನು ಗದಗಿನ ದವಾಖಾನೆಯಲ್ಲಿ ಕಾಲು ಎತ್ತಿ ಕಟ್ಟಿಸಿಕೊಂಡು ಮಲಗಿದ್ದಷ್ಟು ದಿನವೂ ಭೀಮೇಶ ಒಮ್ಮೆ ಬಂದು ಮುಖ ತೋರಿಸಲಿಲ್ಲ. ಲಕ್ಷ್ಮಪ್ಪನಿಗೆ ಅಷ್ಟು ಸಾಕಾಯಿತು. ಹಗ್ಗ ಜಾರಿದ್ದಲ್ಲ, ಬಿಟ್ಟದ್ದು.

ಇದನ್ನು ಅವನು ಯಾರ ಮುಂದೆಯೂ ಆಡಲಿಲ್ಲ. ಭೀಮೇಶನನ್ನು ಬಿಡಲೂ ಇಲ್ಲ. ಹಗೆ ಕಣ್ಣ ಮುಂದಿದ್ದರೆ ಒಳ್ಳೆಯದು ಎಂಬುದು ಅವನ ಲೆಕ್ಕಾಚಾರ. ಇವನ ಕೂಡ ದುಡಿಯಲು ಬೇರೆ ಯಾರೂ ಒಪ್ಪುತ್ತಿರಲಿಲ್ಲ ಎಂಬುದೂ ಖರೆ. ಭೀಮೇಶ ಕಟ್ಟಿದ ಗಂಟನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದ. ಭೀಮೇಶ ನಟ್ಟು ಬಿಗಿಯುವಾಗ ಪಾನಾ ಎಷ್ಟು ಸುತ್ತು ತಿರುಗಿತು ಎಂದು ತುಟಿಯೊಳಗೇ ಎಣಿಸುತ್ತಿದ್ದ. ಭಾರ ತೂಗುಹಾಕಿದ ಮೇಲೆ ಕಟ್ಟಿದವನೇ ಮೊದಲು ಅದರ ಕೆಳಗೆ ಹೋಗಿ ನಿಲ್ಲಬೇಕು, ಆಮೇಲೆ ಉಳಿದವರು ಎಂಬುದು ಇವರ ಕಸುಬಿನ ರೂಢಿ. ಭೀಮೇಶ ಪ್ರತಿ ಸಲ ನಿಲ್ಲುತ್ತಿದ್ದ. ಲಕ್ಷ್ಮಪ್ಪ ಮಾತ್ರ ಅವನ ಗಂಟಿನ ಕೆಳಗೆ ಒಂದು ದಿನವೂ ಕಾಲಿಡಲಿಲ್ಲ, ಗೋಡೆಗೆ ಹತ್ತಿಕೊಂಡು ಸುತ್ತಿ ಹೋಗುತ್ತಿದ್ದ.

ಈ ವರ್ಷ ಗದಗಿನ ಒಂದು ಹಳೆಯ ಅರಳೆ ಗಿರಣಿಯನ್ನು ತೊಳೆದು ಬಳಿದು ಮಕ್ಕಳ ವಿಜ್ಞಾನ ಸಂಗ್ರಹಾಲಯ ಮಾಡಿದರು. ಅದನ್ನು ನೋಡಿಕೊಳ್ಳುವವಳು ಶಾಂಭವಿ ಎಂಬ ಹುಡುಗಿ, ಲಕ್ಷ್ಮೇಶ್ವರದವಳು. ಛಾವಣಿಗೆ ತೂಗುಹಾಕಲು ಒಂದು ಮಾದರಿ ವಿಮಾನ ತರಿಸಿದ್ದಳು. ಮಾದರಿಯೆಂದರೆ ಆಟಿಕೆಯಲ್ಲ. ರೆಕ್ಕೆ ಚಾಚಿದರೆ ಎರಡು ಚಕ್ಕಡಿ ಅಗಲ, ನಡುವೆ ಒಬ್ಬ ಪೈಲಟ್ ಕೂರುವಷ್ಟು ತೆರೆದ ಗೂಡು.

ಮೊದಲ ದಿನ ಇಬ್ಬರೂ ಮೇಲಿನ ಗರ್ಡರಿಗೆ ಕೊಂಡಿ ಹಾಕಿ, ಉಕ್ಕಿನ ವಾಯರ್ ಇಳಿಬಿಟ್ಟರು. ರಾಟೆಯ ಹಗ್ಗ ಜಗ್ಗಿ ವಿಮಾನವನ್ನು ಸೊಂಟದೆತ್ತರ ಎತ್ತಿ ನೋಡಿದರು, ತಕ್ಕಡಿಯ ಹಾಗೆ ಸಮನಾಗಿ ನಿಂತಿತು. ಇಳಿಸಿ ಹಳೆಯ ಟೈರುಗಳ ಮೇಲೆ ಕೂರಿಸಿದರು. ಮಧ್ಯಾಹ್ನ ಹನಮಂತವ್ವ ಬುತ್ತಿ ತಂದಾಗ ಇಬ್ಬರೂ ಮತ್ತೆ ಅಟ್ಟಣಿಗೆಯ ಮೇಲಿದ್ದರು. ಸಂಜೆ ಲಕ್ಷ್ಮಪ್ಪ ಮುಂದೆ ಹೊರಟ, ಭೀಮೇಶ ಬಾಗಿಲು ಹಾಕಿ ಹಿಂದಿನಿಂದ ಬಂದ. ಹಿಂದೆ ಉಳಿದದ್ದು ಯಾಕೆ ಎಂದು ಲಕ್ಷ್ಮಪ್ಪ ದಾರಿಯುದ್ದಕ್ಕೂ ತಲೆ ಕೆಡಿಸಿಕೊಂಡ.

ಮರುದಿನ ಬೆಳಿಗ್ಗೆ ವಿಮಾನ ಎತ್ತಿದರು. ಟೈರು ಬಿಟ್ಟು ಮೇಲೇಳುತ್ತಿದ್ದಂತೆ ಅದು ಮೂಗು ಬಗ್ಗಿಸಿತು. ನಿನ್ನೆ ಸಮನಾಗಿದ್ದದ್ದು ಇಂದು ಕೆಳಮುಖ.

"ನಿಲ್ಸು," ಎಂದ ಲಕ್ಷ್ಮಪ್ಪ. "ನಿನ್ನಿ ಸಂಜಿಗಿ ಹಿಂದ ಉಳದಾಂವ ನೀನ. ಏನ್ ಮಾಡಿದಿ ಇದಕ್ಕ?"

"ನಾ ಏನ್ ಮಾಡ್ಲಿ ಮಾವ? ಕದಾ ಹಾಕ್ಕೊಂಡ ಬಂದೆ."

"ಬಾವ್ಯಾಗ ಮಾಡಿದ್ದನ್ನ ಇಲ್ಲೂ ಮಾಡಾಕ ಹೊಂಟಿಯೇನ್ಲೇ?"

ಭೀಮೇಶನಿಗೆ ಮೊದಲು ತಿಳಿಯಲೇ ಇಲ್ಲ. ತಿಳಿದಾಗ ಮುಖ ಸಣ್ಣದಾಯಿತು. "ಇಷ್ಟ ವರ್ಷ ಹಿಂಗ ತಿಳಕೊಂಡ ನನ್ನ ಕೂಡ ದುಡದ್ರೇನು?"

"ತಿಳಕೊಳ್ಳೂದೇನೈತಿ? ಹಗ್ಗ ನಿನ್ನ ಕೈಯಾಗಿತ್ತು."

ಈಗಲೂ ಹಗ್ಗ ಭೀಮೇಶನ ಕೈಯಲ್ಲೇ ಇತ್ತು. ಅವನು ಅದನ್ನು ಕಂಬಕ್ಕೆ ಸುತ್ತಿ, ಗಂಟು ಹಾಕಿ, ಜಗ್ಗಿ ನೋಡಿದ. "ಇನ್ನ ಬ್ಯಾರೆಯವರನ್ನ ನೋಡಕೋರ್ರಿ," ಎಂದು ಹೊರಗೆ ನಡೆದ.

ಸಿಟ್ಟಿನಲ್ಲಿ ಹೋಗುವವನು ಹಗ್ಗ ಬಿಟ್ಟು ಹೋಗಬಹುದಿತ್ತು, ಇವನು ಕಟ್ಟಿ ಹೋದ. ಇದು ಲಕ್ಷ್ಮಪ್ಪನಿಗೆ ಹೊಳೆಯಿತೇ? ಇಲ್ಲ. ಅವನು ರೂಢಿಯಂತೆ ಆ ಗಂಟು ಬಿಚ್ಚಿ ಮತ್ತೆ ಕಟ್ಟಲು ಹೋದ. ಬಿಗಿಯಾಗಿತ್ತು, ಬಿಚ್ಚಲಾಗಲಿಲ್ಲ.

"ಕಾಕಾ, ನಾಳೆ ಮಕ್ಕಳು ಬರ್ತಾರ," ಎಂದಳು ಶಾಂಭವಿ, ಅಳುಕುತ್ತಲೇ.

ಲಕ್ಷ್ಮಪ್ಪ ಸ್ಟೂಲು ಹತ್ತಿ ವಿಮಾನದ ತುಂಬ ಕೈಯಾಡಿಸಿದ. ಪೈಲಟ್ಟಿನ ಗೂಡಿನಲ್ಲಿ, ಮುಂದಕ್ಕೆ ಕಾಲಿಡುವ ಜಾಗದಲ್ಲಿ, ಬಟ್ಟೆಯಲ್ಲಿ ಸುತ್ತಿದ ಭಾರದ ಗಂಟೊಂದು ಸಿಕ್ಕಿತು. ಸಿಕ್ಕಿಬಿದ್ದೆ ಮಗನೇ ಎಂದುಕೊಳ್ಳುತ್ತ ಬಿಚ್ಚಿದ. ಅವನ ಮನೆಯದೇ ಗುಂಡಕಲ್ಲು, ಖಾರ ಅರೆಯುವುದು. ಅರಿಶಿನ ಕುಂಕುಮ ಹಚ್ಚಿ, ಮೇಲೊಂದು ಕೂಸಿನ ಕುಲಾಯಿ ತೊಡಿಸಿತ್ತು.

ಬುತ್ತಿ ಹೊತ್ತು ಹನಮಂತವ್ವ ಒಳಗೆ ಬಂದದ್ದೂ ಆಗಲೇ. ಗಂಡನ ಕೈಯಲ್ಲಿದ್ದ ಕಲ್ಲು ನೋಡಿ ಅವಳಿಗೇ ಸಿಟ್ಟು ಬಂತು. "ಅದನ್ಯಾಕ ತಗದ್ರಿ? ಒಂದ ಸಲ ತೂಗಿದ ಮ್ಯಾಲ ತಗೀಬೇಕಲ್ಲ."

"ನೀ ಇಟ್ಟಿಯೇನು?"

"ಮತ್ಯಾರ ಇಡ್ತಾರ? ಬರೇ ತೊಟ್ಲಾ ತೂಗ್ತಾರೇನ್ರಿ ಯಾರರೆ? ಕೂಸಿಗಿಂತ ಮೊದಲ ಗುಂಡಕಲ್ಲ ಮಲಗಿಸಿ ತೂಗೂದಿಲ್ಲೇನು? ಇದೂ ತೂಗೂದ. ನಿಮ್ಮ ಜೀವಕ್ಕ ಒಳ್ಳೇದಾಗ್ಲಿ ಅಂತ ನಿನ್ನಿ ಬುತ್ತಿ ಬುಟ್ಟ್ಯಾಗ ತಂದ ಇಟ್ಟೆ. ನೀವಿಬ್ರೂ ಮ್ಯಾಲ ಇದ್ರಿ." ಅತ್ತಿತ್ತ ನೋಡಿದಳು. "ಭೀಮೇಶಿ ಎಲ್ಲಿ?"

ಲಕ್ಷ್ಮಪ್ಪ ಬಾಯಿ ಬಿಡಲೇಬೇಕಾಯಿತು. ಬಾವಿಯ ಮಾತು ಬಂದಾಗ ಹನಮಂತವ್ವ ಬುಟ್ಟಿ ಕೆಳಗಿಟ್ಟಳು.

"ಅಂವ ಬಿಟ್ಟಾನೇನು? ಹಗ್ಗ ಜಾರಿದ್ರೂ ಬಿಡಲಾರದಕ್ಕ ಎರಡೂ ಅಂಗೈ ತೊಗಲ ಕಿತ್ತ ಹೋದ್ವು. ಇಲ್ಲಾಂದ್ರ ನಿಮ್ಮ ಹೆಣಾನ ಎತ್ತಬೇಕಾಗಿತ್ತು. ನಿಮಗ ದವಾಖಾನ್ಯಾಗ ನಾ ಉಣಿಸೀನಿ, ಮುಂಡರಗ್ಯಾಗ ಅವಗ ನಮ್ಮವ್ವ ಉಣಿಸ್ಯಾಳ."

"ಹೇಳಲಿಲ್ಲ ಯಾಕ?"

"ಮಾವ ಹಾಸಿಗಿ ಹಿಡದಾಗ ನನ್ನ ಕೈ ಸುದ್ದಿ ಯಾತಕ್ಕ, ಬ್ಯಾಡ ಅಂದ. ಆಮ್ಯಾಲ ನೀವೂ ಅವನ ಖಬರ ಕೇಳಲಿಲ್ಲ. ನಿಮ್ಮ ಹೊಟ್ಯಾಗ ಇಂಥಾದ್ದೈತಿ ಅಂತ ನನಗೇನ ಗೊತ್ತು?"

ಅಕ್ಕ, ತಮ್ಮನ ಪರ ಆಡದೆ ಇನ್ನೇನು ಆಡುತ್ತಾಳೆ ಎಂದು ಒಂದು ಗಳಿಗೆ ಲಕ್ಷ್ಮಪ್ಪನ ಮನಸ್ಸು ಓಡಿತು. ನಾಯಿ ಬಾಲ ಅಷ್ಟು ಸುಲಭಕ್ಕೆ ನೆಟ್ಟಗಾಗುತ್ತದೆಯೇ? ಆಮೇಲೆ ನೆನಪಾಯಿತು. ಕಾಲು ಕೂಡಿ ಕೆಲಸಕ್ಕೆ ಮರಳಿದ ಆ ಬೇಸಿಗೆ, ಬೆಂಕಿಯಂಥ ಬಿಸಿಲಲ್ಲೂ ಭೀಮೇಶ ಕೈಗೆ ಅರಿವೆ ಸುತ್ತಿಕೊಂಡೇ ಇರುತ್ತಿದ್ದ. ಏನೋ ಮುಚ್ಚಿಡುತ್ತಿದ್ದಾನೆ ಎಂದು ಇವನು ಆಗಲೇ ಗುರುತು ಹಾಕಿಕೊಂಡಿದ್ದ. ಮುಚ್ಚಿಟ್ಟದ್ದು ನಿಜವೇ. ಲಕ್ಷ್ಮಪ್ಪ ಕಲ್ಲು ಕೆಳಗಿಟ್ಟು ಹೊರಗೆ ಹೊರಟ.

ಭೀಮೇಶ ಗಿರಣಿಯ ಗೇಟಿನಾಚೆ ಬೇವಿನ ಕಟ್ಟೆಯ ಮೇಲೆ ಕೂತಿದ್ದ. ಲಕ್ಷ್ಮಪ್ಪ ಕುಂಟುತ್ತ ಹೋಗಿ ಅವನ ಬಲಗೈ ಹಿಡಿದು ಮಗುಚಿದ. ಅಂಗೈಗೆ ಅಡ್ಡಲಾಗಿ ನುಣ್ಣನೆಯ ಬಿಳಿ ಪಟ್ಟೆ. ಕಸುಬಿನ ಗಾಯವೆಂದು ಎಷ್ಟು ಸಲ ನೋಡಿಯೂ ನೋಡದೆ ಬಿಟ್ಟದ್ದು.

"ನಿಮ್ಮಕ್ಕ ಇಮಾನದಾಗ ಗುಂಡಕಲ್ಲ ಇಟ್ಟಿದ್ಲೋ," ಎಂದ. "ನಂದ ತಪ್ಪಾತು, ಭೀಮೇಶಿ."

ಭೀಮೇಶ ಕೈ ಹಿಂದಕ್ಕೆ ಎಳೆದುಕೊಂಡ. "ಭಾರ ಅರ್ಧಕ್ಕ ಬಿಡಬಾರ್ದು. ನಡ್ರಿ," ಎಂದು ಎದ್ದ.

ಹನಮಂತವ್ವ ಕಲ್ಲನ್ನು ಮತ್ತೆ ಒಳಗಿಟ್ಟು, ರೆಕ್ಕೆ ಹಿಡಿದು ವಿಮಾನವನ್ನು ಒಮ್ಮೆ ತೂಗಿ, ಕಲ್ಲು ತೆಗೆದುಕೊಂಡಳು. ಅವಳನ್ನು ಬೇಡವೆನ್ನುವ ಧೈರ್ಯ ಯಾರಿಗೂ ಇರಲಿಲ್ಲ. ವಿಮಾನ ಸಮನಾಗಿ ಮೇಲೇರಿತು. ಭೀಮೇಶ ಅಟ್ಟಣಿಗೆ ಹತ್ತಿ ವಾಯರನ್ನು ವಿಮಾನದ ಬೆನ್ನಿಗೆ ಸೇರಿಸಿದ. ಕೆಳಗೆ ಲಕ್ಷ್ಮಪ್ಪ ಕೈಯ ಹಗ್ಗವನ್ನು ಕಂಬಕ್ಕೆ ಕಟ್ಟಿದ, ಬುತ್ತಿಯ ಗಂಟು ಎತ್ತಿಕೊಂಡ, ನಡುಹಾಲಿಗೆ ಬಂದು ವಿಮಾನದ ಹೊಟ್ಟೆಯ ಕೆಳಗೆ ಸರಿಯಾಗಿ ಚಕ್ಕಳಮಕ್ಕಳ ಹಾಕಿ ಕೂತ.

ಮೇಲಿನಿಂದ ಭೀಮೇಶ ಬಗ್ಗಿ ನೋಡಿದ. "ಮಾವ, ಏಳ್ರಿ ಅಲ್ಲಿಂದ. ಇನ್ನೂ ನಟ್ಟ ಬಿಗದಿಲ್ಲ."

"ಬಿಗಿ. ನಾ ಉಣ್ತಿರ್ತೀನಿ," ಎಂದು ಲಕ್ಷ್ಮಪ್ಪ ರೊಟ್ಟಿ ಮುರಿದ.

ಪಾನಾ ತಿರುಗುವ ಸದ್ದು ಶುರುವಾಯಿತು. ಎಷ್ಟು ಸುತ್ತು ತಿರುಗಿತು ಎಂದು ಅವನು ಎಣಿಸಲಿಲ್ಲ.