ಕಿಟಕಿ ಮುಚ್ಚಿದ ಭಾನುವಾರಗಳು

ಹಾಸ್ಟೆಲಿನ ವಾಶ್‌ಬೇಸಿನ್‌ನಲ್ಲಿ ಉಗಿದಾಗ ನೀರಿನ ಜೊತೆ ಒಂದು ಕೆಂಪು ಎಳೆ ಜಾರಿಹೋಯಿತು. ವಸಡಿನ ರಕ್ತ ಇರಬೇಕು ಅಂದುಕೊಂಡೆ. ಮತ್ತೆ ಕೆಮ್ಮಿ ಉಗಿದೆ.

ಈ ಸಲ ಎಳೆಯಲ್ಲ.

ಜೂನ್ ತಿಂಗಳ ಕೊನೆಯ ಶುಕ್ರವಾರ ಅದು. ಆ ದಿನದ ಡೈರಿಯಲ್ಲಿ ಬರೆದದ್ದು ಎರಡೇ ಸಾಲು. ಸಂಜೆ ಜ್ವರ ತೊಂಬತ್ತೊಂಬತ್ತು ದಾಟಿತ್ತು. ರಕ್ತ. ಅದಕ್ಕೂ ಮುಂಚಿನ ಪುಟಗಳನ್ನು ತಿರುವಿ ಹಾಕಿದರೆ ಮೂರು ವಾರದಿಂದ ಪ್ರತಿ ಸಂಜೆಯೂ ಜ್ವರ ಬರೆದಿದ್ದೇನೆ, ತೂಕ ಇಳಿದದ್ದನ್ನೂ ಬರೆದಿದ್ದೇನೆ. ಬರೆಯುವುದಕ್ಕೆ ಬಂದಿತ್ತು, ಓದಿಕೊಳ್ಳುವುದಕ್ಕೆ ಬಂದಿರಲಿಲ್ಲ.

ಕಲಬುರಗಿಯಲ್ಲಿ ಶರಣಬಸವೇಶ್ವರ ಗುಡಿಯ ಹತ್ತಿರದ ಹಾಸ್ಟೆಲಿನಲ್ಲಿದ್ದು ನಾನು ಟೀಚರ್ ಟ್ರೇನಿಂಗ್ ಮಾಡುತ್ತಿದ್ದೆ. ಅಪ್ಪ ಕಮಲಾಪುರದಿಂದ ಮೊದಲ ಬಸ್ಸಿಗೆ ಬಂದರು. ದೊಡ್ಡ ಆಸ್ಪತ್ರೆಯಲ್ಲಿ ಮೂರು ದಿನ ಬೆಳಿಗ್ಗೆ ಕಫ ಕೊಟ್ಟೆ. ಚಿಕ್ಕ ಪ್ಲಾಸ್ಟಿಕ್ ಡಬ್ಬಿ. ಅದನ್ನು ಕೈಯಲ್ಲಿ ಹಿಡಿದು ಸಾಲಿನಲ್ಲಿ ನಿಲ್ಲಬೇಕು. ಬೆಚ್ಚಗಿರುತ್ತದೆ. ನನ್ನದೇ ಆದರೂ ಅದರ ಕಡೆ ನೋಡದೆ ಹಿಡಿದಿರುತ್ತಿದ್ದೆ.

"ಸ್ಪುಟಮ್ ಪಾಸಿಟಿವ್," ಅಂದರು ಡಾಕ್ಟರಮ್ಮ. "ಟಿಬಿ. ಆರು ತಿಂಗಳು ಗುಳಿಗೆ. ಒಂದು ದಿನವೂ ಬಿಡಬಾರದು. ಇದು ಗಾಳಿಯಲ್ಲಿ ಹರಡುತ್ತೆ. ಕಿಟಕಿ ಇರೋ ಕೋಣೆಯಲ್ಲಿ ಮಲಗು, ಕಿಟಕಿ ತೆಗೆದೇ ಇಡು. ಕಫ ಕ್ಲಿಯರ್ ಆಗೋವರೆಗೂ ಚಿಕ್ಕ ಮಕ್ಕಳು ಹತ್ತಿರ ಬರಬಾರದು."

ಅಪ್ಪ ತಲೆಯಾಡಿಸಿದರು. ಬಸ್‌ಸ್ಟ್ಯಾಂಡಿಗೆ ಬಂದ ಮೇಲೆ, "ಯಾರರ ಕೇಳಿದ್ರ ಟೈಫಾಯ್ಡ್ ಅನ್ನು," ಅಂದರು.

ನಮ್ಮದು ಎರಡು ಕೋಣೆಯ ಮನೆ. ಒಳಗಿನದು ಅಡುಗೆಮನೆ. ಅದಕ್ಕೆ ಕಿಟಕಿಯಿಲ್ಲ, ಗೋಡೆಯ ಮೇಲ್ಭಾಗದಲ್ಲಿ ಒಂದು ಬೆಳಕಿಂಡಿ ಅಷ್ಟೇ. ಹೊರಗಿನ ಕೋಣೆಗೆ ಎರಡು ಕಿಟಕಿ. ಹಾಗಾಗಿ ನನ್ನ ಮಂಚ ಅಲ್ಲಿಗೇ ಬಂತು. ಟಿವಿಯೂ ಅಲ್ಲೇ ಇತ್ತು, ಬುದ್ಧನ ಪಟದ ಕೆಳಗೆ. ಸರ್ಕಾರಿ ಗುಮಾಸ್ತರಾದ ಅಪ್ಪ ಆ ಬೇಸಿಗೆಯಲ್ಲಷ್ಟೇ ಕಂತಿನ ಮೇಲೆ ತಂದದ್ದು. ಮೇಲಿನ ಓಣಿಯೂ ಸೇರಿ ನಮ್ಮ ಕಡೆಯ ಮೂರು ಓಣಿಗೆ ಅದೊಂದೇ ಬಣ್ಣದ ಟಿವಿ.

ಆ ವರ್ಷ ಭಾನುವಾರ ಬೆಳಿಗ್ಗೆ ಹಿಂದಿಯಲ್ಲಿ ಒಂದು ಮಾಯಾಜಾಲದ ಸೀರಿಯಲ್ ಬರುತ್ತಿತ್ತು. ಮೂರು ಭಾಗದ ಹಳೆಯ ಕಾದಂಬರಿಯಿಂದ ತೆಗೆದದ್ದು. ವರ್ಷಕ್ಕೊಂದು ಭಾಗ ಮುಗಿಸುತ್ತಾರೆ ಎಂದು ಪೇಪರಿನಲ್ಲಿ ಬಂದಿತ್ತು. ಮೂರೂ ಭಾಗಗಳನ್ನು ನಾನು ಕನ್ನಡ ಅನುವಾದದಲ್ಲಿ ಓದಿದ್ದೆ. ಮೊದಲ ಭಾಗ ಶಿಲಾವತಿ ಎಂಬ ರಾಣಿಯ ಕಥೆ. ಆಕೆಯ ಉಸಿರು ತಾಗಿದವರು ಕಲ್ಲಾಗುತ್ತಾರೆ. ಪುಸ್ತಕದಲ್ಲಿ ಆಕೆ ಅದನ್ನು ತಿಳಿದ ದಿನವೇ ಊರು ಬಿಟ್ಟು ಬೆಟ್ಟದ ತುದಿಗೆ ಹೋಗುತ್ತಾಳೆ. ತಂಗಿ ಬಂದು ಕರೆದರೂ ಗಾಳಿ ಬೀಸುವ ದಿಕ್ಕು ನೋಡಿಕೊಂಡೇ ಮಾತಾಡುತ್ತಾಳೆ. ಸೀರಿಯಲ್ಲಿನವರು ಆಕೆಗೆ ಪ್ಲಾಸ್ಟಿಕ್ಕಿನ ಕೋರೆಹಲ್ಲು ಕೊಟ್ಟಿದ್ದರು. ಬಾಯಿಂದ ಬಿಳಿ ಹೊಗೆ ಬಿಟ್ಟು ಗಹಗಹಿಸಿ ನಗುವ ಕೆಲಸ ಕೊಟ್ಟಿದ್ದರು. ಥರ್ಮಾಕೋಲಿನ ಬಂಡೆಗಳು ಹೊಗೆಯ ಗಾಳಿಗೇ ಅಲ್ಲಾಡುತ್ತಿದ್ದವು. ಅಷ್ಟು ಒಳ್ಳೆಯ ಪುಸ್ತಕವನ್ನು ಹೀಗೆ ಮಾಡಿಟ್ಟವರ ಮೇಲೆ ನನಗೆ ಬಂದದ್ದು ಕೋಪವಲ್ಲ, ಹೇಸಿಗೆ.

ಜುಲೈನ ಮೊದಲ ಭಾನುವಾರ ಒಂಬತ್ತಕ್ಕೆ ಜನ ಬಂದರು.

ಮೇಲಿನ ಓಣಿಯವರು. ಹೊಲ, ಅಂಗಡಿ, ಬಾಳೆತೋಟ ಇದ್ದವರು. ಹೆಂಗಸರು, ಮಕ್ಕಳು, ಹಲ್ಲಿಗೆ ತಂಬಾಕಿನ ಪುಡಿ ತಿಕ್ಕಿಕೊಂಡೇ ಬರುವ ಮುದುಕರು. ನಾನು ಮಂಚದಲ್ಲೇ ಎಣಿಸಿದೆ, ಮೂವತ್ತೊಂದು. ಬಂದವರೇ ಕಿಟಕಿ ಮುಚ್ಚಿದರು. ಎದುರಿನ ಬೆಳಕಿಗೆ ಚಿತ್ರ ಬೆಳ್ಳಗಾಗುತ್ತದೆ, ಸೀರಿಯಲ್ಲಿನ ಗುಹೆಯೆಲ್ಲ ಕತ್ತಲು. ಸಂದಿಯ ಬೆಳಕೂ ಬರಬಾರದೆಂದು ಅಪ್ಪನೇ ಎರಡೂ ಕಿಟಕಿಗೆ ಕಂಬಳಿ ಬಿಗಿದರು.

ಮುಚ್ಚಿದ ಕೋಣೆಯಲ್ಲಿ ಎಣ್ಣೆ ಹಚ್ಚಿದ ತಲೆಗಳ ವಾಸನೆ, ತಂಬಾಕು, ಕೂಸುಗಳ ಉಚ್ಚೆ, ಶೇಂಗಾ ಸಿಪ್ಪೆ. ಅದರ ಮಧ್ಯೆ ನಾನು. ಗುಳಿಗೆ ಶುರುವಾದಂದಿನಿಂದ ನನ್ನ ಉಚ್ಚೆ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು, ಬೆವರೂ ಹಾಗೇ. ದಿಂಬಿನ ಮೇಲೆ ಬಿದ್ದ ಕಲೆ ಅವ್ವ ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಮಂಚದ ಕೆಳಗೆ ಫಿನೈಲ್ ಹಾಕಿದ ಉಗುಳುವ ಡಬ್ಬಿ. ಒಬ್ಬ ಮುದುಕ ಅದನ್ನು ಕಾಲಿಂದ ಆಚೆ ಸರಿಸಿ ತಾನು ಕುಳಿತ.

ಇಷ್ಟೇ ಆಗಿದ್ದರೆ ಮುಸುಕು ಹಾಕಿ ಗೋಡೆಯ ಕಡೆ ತಿರುಗಿರುತ್ತಿದ್ದೆ. ಆದರೆ ಸೀರಿಯಲ್ಲಿನದು ಪಂಡಿತರ ಹಿಂದಿ. ನಮ್ಮ ಬಜಾರಿನ ಉರ್ದು ಬಲ್ಲವರಿಗೂ ಅರ್ಧ ತಿಳಿಯದು. ಪುಸ್ತಕ ಓದಿದವಳು ನಾನೊಬ್ಬಳೇ.

"ಏನಂದ್ಲು ಆಕಿ? ಶಶೀ, ಜರಾ ಹೇಳವ್ವ," ಅಂದಳು ನೀಲಮ್ಮ. ಮೇಲಿನ ಓಣಿಯ ಹಿರಿಯ ಹೆಂಗಸು, ಎಲ್ಲರಿಗಿಂತ ಮುಂದೆ ಕೂರುವವಳು.

"ಆಕಿಗೆ ಆರಾಮಿಲ್ಲರೀ," ಅಂದಳು ಅವ್ವ.

"ಟೈಫಾಯ್ಡಿಗೆ ನಾಲಿಗಿ ಬಿದ್ದು ಹೋಗಂಗಿಲ್ಲ ಬಿಡು."

ಅಪ್ಪ ನನ್ನ ಕಡೆ ನೋಡಿದರು. ನಾನು ಹೇಳಿದೆ. ಮೂವತ್ತೊಂದು ಜನಕ್ಕೆ ಕೇಳುವ ಹಾಗೆ, ಮುಚ್ಚಿದ ಕೋಣೆಯಲ್ಲಿ, ಒಂದೊಂದು ಮಾತಿಗೂ ಕೆಮ್ಮುತ್ತ.

ನೀಲಮ್ಮನ ಮೊಮ್ಮಗಳು ಭಾಗ್ಯಾಳಿಗೆ ನಾಲ್ಕು ವರ್ಷ. ಅಜ್ಜಿಯ ತೊಡೆಯಿಂದ ಇಳಿದು ಮಂಚ ಹತ್ತುವಳು. ಕಥೆ ಸರಿಯಾಗಿ ಕೇಳಲಿ ಎಂದು ನನ್ನ ಬಾಯಿಯ ಹತ್ತಿರವೇ ಮುಖ ತರುವಳು. ತಳ್ಳಿದರೆ ಅದನ್ನೇ ಆಟ ಎಂದುಕೊಳ್ಳುವಳು. ಶಿಲಾವತಿಯ ಹಾಗೆ ಕೆನ್ನೆಯುಬ್ಬಿಸಿ ನನ್ನ ಮುಖಕ್ಕೆ ಊದಿ, "ನೀ ಕಲ್ಲಾದಿ. ಈಗ ನನಗ ಊದು," ಅನ್ನುವಳು.

ಆ ದಿನ ಜನ ಹೋದ ಮೇಲೆ ನಾನು ಅಪ್ಪನಿಗೆ ಡಾಕ್ಟರ ಮಾತನ್ನು ಮತ್ತೆ ಹೇಳಿದೆ.

"ಗೊತ್ತದವ್ವ," ಅಂದರು. ಸ್ವಲ್ಪ ಹೊತ್ತು ಶೇಂಗಾ ಸಿಪ್ಪೆ ಗುಡಿಸುತ್ತಿದ್ದರು. "ನಮ್ಮಪ್ಪ ಅವರ ಅಂಗಳದಾಗ ಚಪ್ಪಲಿ ಕೈಯಾಗ ಹಿಡ್ಕೊಂಡು ನಿಂತಾನ. ನಾ ಕಣ್ಣಾರೆ ನೋಡೀನಿ. ಇವತ್ತ ಅವರು ನಮ್ಮ ಮನ್ಯಾಗ ನೆಲಕ್ಕ ಕುಂತಾರ. ಏಳ್ರಿ ಅಂತ ಹೆಂಗ ಅನ್ಲಿ?"

ಅಪ್ಪನ ಮೇಲೆ ಹೇಸಿಗೆಪಡುವುದು ಅದಕ್ಕಿಂತ ಮುಂಚೆ ನನಗೆ ಗೊತ್ತಿರಲಿಲ್ಲ. ಅದು ಬಂತು, ಅದರ ಹಿಂದೆಯೇ ಮರುಕವೂ ಬಂತು. ಎರಡೂ ಸೇರಿ ಕೆಮ್ಮಾದವು.

ಎರಡನೆಯ ಭಾನುವಾರ ದನಿ ಬಿದ್ದಂತೆ ನಟಿಸಿದೆ. ಕಿವಿ ಹತ್ತಿರ ತಂದು ಕೇಳಿಸಿಕೊಂಡರು. ಅದು ಇನ್ನೂ ಕೆಟ್ಟದ್ದು. ಮೂರನೆಯದಕ್ಕೆ ಅಡುಗೆಮನೆಗೆ ಹೋಗಿ ಕೂತೆ. ಒಲೆಯ ಹೊಗೆಗೆ ಕೆಮ್ಮು ಏರಿ ಮತ್ತೆ ರಕ್ತ ಬಂತು, ಅವ್ವ ಹೆದರಿ ಮಂಚಕ್ಕೇ ತಂದು ಮಲಗಿಸಿದಳು. ದಾರಿ ಬಿಡಲು ಒಬ್ಬರೂ ಏಳಲಿಲ್ಲ. ತೊಡೆ ಮಾತ್ರ ಸರಿಸಿದರು.

ನಾಲ್ಕನೆಯ ಭಾನುವಾರ ಭಾಗ್ಯಾ ನನ್ನ ಮಗ್ಗುಲಲ್ಲೇ ಮಲಗಿಬಿಟ್ಟಳು. ನನ್ನ ಕಿತ್ತಳೆ ಕಲೆಯ ದಿಂಬಿನ ಮೇಲೆ ಅವಳ ಕೆನ್ನೆ. ಪರದೆಯ ಮೇಲೆ ಶಿಲಾವತಿ ಒಂದು ಇಡೀ ಸಭೆಯನ್ನು ಕಲ್ಲು ಮಾಡುತ್ತಿದ್ದಳು, ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ನಾನು ಎದ್ದು ಕುಳಿತೆ.

"ನನಗ ಟೈಫಾಯ್ಡ್ ಅಲ್ಲ," ಅಂದೆ. "ಟಿಬಿ ಅದ."

ಜಾಹೀರಾತು ಶುರುವಾಯಿತು.

"ಗೊತ್ತದ ಬಿಡವ್ವ," ಅಂದಳು ನೀಲಮ್ಮ, ಪರದೆಯಿಂದ ಕಣ್ಣು ತೆಗೆಯದೆ. "ನಿಮ್ಮಪ್ಪ ಆ ಕೆಂಪು ಗುಳಿಗಿ ತಂದ ದಿನಾನೇ ಓಣಿಗೆಲ್ಲ ಗೊತ್ತಾಗ್ಯಾದ. ನೀ ಆ ಕಡೆ ಮಾರಿ ಮಾಡಿ ಕೆಮ್ಮು. ಸಭಾದಾಗ ಆಕಿ ಏನಂದ್ಲು, ಅದಷ್ಟು ಹೇಳು."

"ಕೂಸಿಗೆ ಹತ್ತತದರೀ."

"ಹೆಂಗ ಹತ್ತತದ? ಅದು ಎಂಜಲದಿಂದ ಬರೋ ರೋಗ. ನಿಮ್ಮ ಮನೀ ನೀರು ನಾವು ಮುಟ್ಟೀವೇನು? ಹೋಗೋದು ತಡ, ಸ್ನಾನ ಮಾಡಸ್ತೀನಿ."

ಹಿಂದಿನಿಂದ ಅಂಗಡಿಯ ಸಾಹುಕಾರ ನಕ್ಕ. "ಅದಕ್ಕಲ್ಲೇನು ನಾವು ಇಲ್ಲಿ ಚಾ ಕುಡಿಯಂಗಿಲ್ಲ."

"ಟಿಬಿ ಬರೋಕಿಂತ ಮೊದಲು ಭಾಳ ಕುಡೀತಿದ್ರಿ ನೋಡ್ರಿ," ಅಂದಳು ಅವ್ವ, ಅಡುಗೆಮನೆಯ ಬಾಗಿಲಲ್ಲಿ ನಿಂತು.

ಸಾಹುಕಾರ ಪರದೆಯ ಕಡೆ ತಿರುಗಿದ.

ನನಗೆ ಆಗ ತಿಳಿಯಿತು. ಮುಟ್ಟಬಾರದ್ದು ಏನು ಎಂಬುದನ್ನು ಅವರು ನಾಲ್ಕು ವಾರ ಬಹಳ ಕಟ್ಟುನಿಟ್ಟಾಗಿ ಪಾಲಿಸಿದ್ದರು. ನೀರು, ಲೋಟ, ಚಹ. ಅವರ ಲೆಕ್ಕದಲ್ಲಿ ಗಾಳಿಗೆ ಮೈಲಿಗೆಯಿಲ್ಲ. ಗಾಳಿಯನ್ನು ಮಾತ್ರ ಅವರು ಕಿಟಕಿ ಹಾಕಿಕೊಂಡು ನಮ್ಮ ಜೊತೆ ಹಂಚಿಕೊಂಡಿದ್ದರು.

ಅಪ್ಪ ಗೋಡೆಗೆ ಒರಗಿ ನಿಂತಿದ್ದರು. ಯಾರ ಮುಖವನ್ನೂ ನೋಡಲಿಲ್ಲ. ಹೋಗಿ ಮೊದಲ ಕಿಟಕಿಯ ಕಂಬಳಿ ಎಳೆದರು, ಮೊಳೆಯ ಸಮೇತ ಬಂತು. ಎರಡನೆಯದನ್ನೂ ಎಳೆದರು. ಕದಗಳನ್ನು ಗೋಡೆಗೆ ತಾಗುವ ಹಾಗೆ ತೆಗೆದರು. ಅಷ್ಟರಲ್ಲಿ ಜಾಹೀರಾತು ಮುಗಿದಿತ್ತು, ಪರದೆ ಪೂರ್ತಿ ಬೆಳ್ಳಗಾಯಿತು. ಶಿಲಾವತಿಯ ನಗು ಮಾತ್ರ ಉಳಿಯಿತು.

"ಏ, ಏನ್ ಮಾಡ್ಲಾಕತ್ತೀಪಾ? ಕಾಣವಲ್ದು," ಅಂದ ಸಾಹುಕಾರ.

"ನೋಡೋರು ಹಿಂಗೇ ನೋಡ್ರಿ," ಅಂದರು ಅಪ್ಪ. "ಕೂಸಿನ್ನ ಎತ್ಕೋ ನೀಲಮ್ಮ."

ಅದು ಅಪ್ಪ ಅವಳನ್ನು ಏಕವಚನದಲ್ಲಿ ಕರೆದ ಮೊದಲ ಸಲ. ಅವಳು ಕೂಸನ್ನು ಎತ್ತಿಕೊಂಡು ಹೋದಳು. ಮುಂದಿನ ಭಾನುವಾರ ಆರು ಜನ ಬಂದು ಕಣ್ಣು ಕಿರಿದು ಮಾಡಿ ಕೂತರು. ಅದರ ಮುಂದಿನ ಸಲ ಒಬ್ಬರೂ ಬರಲಿಲ್ಲ. ಮೊದಲ ಭಾಗದ ಕೊನೆಯ ಕಂತಿನಲ್ಲಿ ಶಿಲಾವತಿಯನ್ನು ಬೆಂಕಿಯ ಹೊಂಡಕ್ಕೆ ತಳ್ಳಿದರಂತೆ. ಪುಸ್ತಕದಲ್ಲಿ ಆಕೆ ಸಾಯುವುದಿಲ್ಲ. ನಾನು ಅದನ್ನು ನೋಡಲಿಲ್ಲ, ಆ ಹೊತ್ತಿಗೆ ಬಾಗಿಲ ಮುಂದೆ ಬಿಸಿಲಿಗೆ ಕೂತಿದ್ದೆ.

ಎರಡು ತಿಂಗಳು ತುಂಬಿದಾಗ ಕಫ ನೆಗೆಟಿವ್ ಬಂತು. ತೂಕ ಎರಡು ಕಿಲೋ ಏರಿತ್ತು. ಅವ್ವ ಅತ್ತಳು. ನಾನು ಡೈರಿಯಲ್ಲಿ ಅದನ್ನು ಬರೆದು ಅಡಿಗೆರೆ ಎಳೆದೆ.

ಆ ಸಮಾಧಾನ ಒಂದೂವರೆ ವಾರ ಇತ್ತು.

ಸೆಪ್ಟೆಂಬರಿನ ಒಂದು ಬೆಳಿಗ್ಗೆ ನೀಲಮ್ಮ ಬಾಗಿಲಲ್ಲಿ ನಿಂತಿದ್ದಳು. ಹೊಸ್ತಿಲು ದಾಟಲಿಲ್ಲ.

"ಕೂಸು ಹದಿನೈದು ದಿನದಿಂದ ಕೆಮ್ಲಾಕತ್ತಾದ," ಅಂದಳು. "ಕಲಬುರ್ಗಿ ದವಾಖಾನಿ ನಾ ನೋಡಿಲ್ಲ. ಯಾ ಬಾಗಲಿಗೆ ಹೋಗಬೇಕು, ಯಾರಿಗೆ ಏನ್ ಕೇಳಬೇಕು, ನಿನಗ ಗೊತ್ತದ."

ಹೋದೆವು. ಡಾಕ್ಟರಮ್ಮ ಭಾಗ್ಯಾಳ ಎಕ್ಸ್‌ರೇ ತೆಗೆಸಿ, ಮುಂಗೈಯ ಚರ್ಮದಡಿ ಮಾಂಟೂ ಟೆಸ್ಟಿನ ಚುಚ್ಚುಮದ್ದು ಕೊಟ್ಟರು. ಮೂರನೆಯ ದಿನ ಬನ್ನಿ, ಗಂಟು ಎದ್ದಿದೆಯಾ ನೋಡೋಣ, ಎದ್ದಿದ್ದರೆ ಟಿಬಿ ತಾಗಿದೆ ಎಂದರ್ಥ ಅಂದರು. ಆ ಮೂರು ದಿನ ನಾನು ಡೈರಿ ಬರೆಯಲಿಲ್ಲ. ನನ್ನ ಉಸಿರು ನನಗೇ ಕೊಳೆತದ್ದರ ಹಾಗೆ ನಾರುತ್ತಿತ್ತು.

ಮೂರನೆಯ ದಿನ ಡಾಕ್ಟರಮ್ಮ ಆ ಪುಟ್ಟ ಕೈಯ ಮೇಲೆ ಬೆರಳಾಡಿಸಿದರು. ಸ್ಕೇಲ್ ಹಿಡಿದರು. ಪಕ್ಕಕ್ಕಿಟ್ಟರು.

"ಏನೂ ಎದ್ದಿಲ್ಲ. ಎಕ್ಸ್‌ರೇನೂ ಚೆನ್ನಾಗಿದೆ. ಇದು ನೆಗಡಿ ಕೆಮ್ಮು. ಆದರೂ ಮೂರು ತಿಂಗಳಾದ ಮೇಲೆ ಇನ್ನೊಮ್ಮೆ ನೋಡಲೇಬೇಕು. ಈಗಲೇ ಖಾತ್ರಿ ಕೊಡಲಾರೆ."

ನೀಲಮ್ಮ ಹೊರಗೆ ಬಂದು ಗೋಡೆಗೆ ಕೈಯೂರಿ ನಿಂತಳು. ನನಗೆ ಕೈಮುಗಿಯುತ್ತಾಳೇನೋ ಎಂದು ಹೆದರಿದೆ, ಹಾಗೇನೂ ಆಗಲಿಲ್ಲ. "ನಿನ್ನ ಸಲುವಾಗಿ ಎರಡ ಸಲ ಬಂದಂಗಾಯ್ತು," ಅಂದಳು. "ಇನ್ನೊಂದ್ಸಲ ಬೇರೆ ಬರಬೇಕು."

"ನಾ ಬರ್ತೀನಿ," ಅಂದೆ.

"ಬರದೆ ಏನ್ ಮಾಡ್ತಿ."

ಬಸ್ಸಿನಲ್ಲಿ ಮೂರು ಜನ ಕೂರುವ ಸೀಟು ಸಿಕ್ಕಿತು. ಭಾಗ್ಯಾ ನಮ್ಮಿಬ್ಬರ ನಡುವೆ ಕೂತಳು. ಊರು ದಾಟುವ ಮುಂಚೆಯೇ ತೂಕಡಿಸಿ ನನ್ನ ತೊಡೆಯ ಮೇಲೆ ಬಿದ್ದಳು. ನಾನು ಕೈ ಮೇಲೆತ್ತಿಕೊಂಡು ನೀಲಮ್ಮನ ಕಡೆ ನೋಡಿದೆ. ಅವಳು ಕೂಸನ್ನು ನೋಡಿದಳು, ನನ್ನನ್ನು ನೋಡಿದಳು. ಎಳೆದುಕೊಳ್ಳಲಿಲ್ಲ.

"ಕಾಲು ಜೋಮು ಹಿಡಿದ್ರ ಹೇಳು," ಅಂದಳು. "ನಾ ತಗೋತೀನಿ."

ಅರ್ಧ ದಾರಿಗೇ ಕಾಲು ಮರಗಟ್ಟಿತು. ನಾನು ಕಮಲಾಪುರ ಬರುವ ತನಕ ಹೇಳಲಿಲ್ಲ.