ಪಿಯೆಟಾ ನೋಡಿದ ದಿನ

ದೂರದೂರಿನಲ್ಲಿದ್ದವರು ಕಣ್ಣೆದುರು ಬಂದು ನಿಂತರು ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ಅವರ ಎದುರಲ್ಲ, ಮನೆಗೆ ಬಂದ ಮೇಲೆ. ಇದನ್ನು ಓದಿ ನೀವೂ ನಕ್ಕರೆ ನನಗೆ ಬೇಸರವಿಲ್ಲ.

ಮಸ್ಕತ್ತಿನ ಶಾಲೆಯೊಂದರಲ್ಲಿ ನಾನು ಚಿತ್ರಕಲೆ ಕಲಿಸುತ್ತೇನೆ. ಮೈಕೆಲೆಂಜೆಲೊ ಕಡೆದ ‘ಪಿಯೆಟಾ’ವನ್ನು, ಅಂದರೆ ಸತ್ತ ಮಗನನ್ನು ಮಡಿಲಲ್ಲಿ ಮಲಗಿಸಿಕೊಂಡ ತಾಯಿಯ ಅಮೃತಶಿಲೆಯ ಮೂರ್ತಿಯನ್ನು, ಎಷ್ಟೋ ವರ್ಷ ಮಕ್ಕಳಿಗೆ ಪರದೆಯ ಮೇಲೆ ತೋರಿಸಿದ್ದೇನೆ. ಅದನ್ನು ಕಣ್ಣಾರೆ ನೋಡುವ ಆಸೆ ಕೊನೆಗೂ ಒಂದು ಚಳಿಗಾಲದ ರಜೆಯಲ್ಲಿ ಕೈಗೂಡಿತು. ನಾನೂ ನನ್ನ ಗಂಡನೂ ರೋಮಿಗೆ ಹೊರಟೆವು.

ಹೊರಡುವ ಹಿಂದಿನ ದಿನ ಪಕ್ಕದ ಫ್ಲ್ಯಾಟಿನ ಐಸಮ್ಮ ಬಂದರು. ಉಳ್ಳಾಲದ ಬ್ಯಾರಿ ಹೆಂಗಸು. ಮಸ್ಕತ್ತಿನ ಹೊರವಲಯದ ರುಸೈಲ್‌ನ ಕಾರ್ಖಾನೆಯಲ್ಲಿ ದುಡಿಯುವ ಮಗ ನೌಫಲನ ಜೊತೆ ಇರಲೆಂದು ಊರಿನಿಂದ ಬಂದಿದ್ದರು.

“ಇವನ ಜ್ವರ ಇಳಿಯುದೇ ಇಲ್ಲ ಟೀಚರೇ. ಆಸ್ಪತ್ರೆಯಲ್ಲಿ ಅವರು ಹೇಳುದು ನಂಗೆ ಒಂದೂ ಗೊತ್ತಾಗುದಿಲ್ಲ. ನೀವು ಒಟ್ಟಿಗೆ ಇದ್ದಿದ್ರೆ…”

ಟಿಕೆಟ್ ಆಗಿಬಿಟ್ಟಿದೆ ಎಂದೆ. “ಹೋಗಿ ಬನ್ನಿ, ಅಲ್ಲಾಹು ಇದ್ದಾನೆ” ಎಂದು ಅವರೇ ನನಗೆ ಸಮಾಧಾನ ಹೇಳಿದರು.

ರೋಮಿನ ಆ ದೊಡ್ಡ ಚರ್ಚಿನಲ್ಲಿ ಮೂರ್ತಿ ಗಾಜಿನ ಹಿಂದಿತ್ತು. ಜನರ ಮೊಬೈಲುಗಳ ನಡುವೆ ನುಸುಳಿ ಮುಂದೆ ಹೋದೆ. ಮಗನ ಕಂಕುಳಡಿ ಹೊಕ್ಕ ತಾಯಿಯ ಬಲಗೈ, ಆ ಬೆರಳುಗಳು ಒತ್ತಿದಲ್ಲಿ ಉಬ್ಬಿದ ಮೈ ಕಂಡಿತು. ನೋಡುತ್ತಿದ್ದಂತೆ ನನ್ನ ಬಲಗೈ ಭಾರವಾಯಿತು. ಬೆವರಿದ, ಸುಡುವ ಮೈಯೊಂದನ್ನು ಎತ್ತಿ ಹಿಡಿದಂತೆ ತೋಳು ನಡುಗತೊಡಗಿತು. ಗಂಡ ಕೈ ಹಿಡಿದು, “ಎಂತ, ಜ್ವರವಾ? ಕೈ ಕೆಂಡದ ಹಾಗೆ ಉಂಟಲ್ಲ!” ಎಂದು ಗಾಬರಿಯಾದರು. ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತ ಮೇಲೆ ಎಲ್ಲ ಸರಿಹೋಯಿತು. ನಿದ್ದೆಗೆಟ್ಟದ್ದಕ್ಕೆ ಹೀಗಾಗಿದೆ ಎಂದುಕೊಂಡೆವು.

ಮಸ್ಕತ್ತಿಗೆ ಮರಳಿದಾಗ ಐಸಮ್ಮ ಬಾಗಿಲಲ್ಲೇ ನನ್ನ ಕೈಗಳನ್ನು ಹಿಡಿದುಕೊಂಡು ಅತ್ತರು.

“ನೀವು ಬಾರದಿದ್ರೆ ಇವನು ಉಳಿತಿರಲಿಲ್ಲ ಟೀಚರೇ.”

ಆಸ್ಪತ್ರೆಯ ಬೆಂಚಿನಲ್ಲಿ ನೌಫಲ್ ಎಚ್ಚರ ತಪ್ಪಿ ಅವರ ಮಡಿಲಿಗೆ ಬಿದ್ದನಂತೆ. ಆಗ ನಾನು ಬಂದೆನಂತೆ. ಕಂಕುಳಡಿ ಕೈ ಕೊಟ್ಟು ಅವನನ್ನು ಎತ್ತಿ ಹಿಡಿದು, ಡಾಕ್ಟರನ್ನು ಕೂಗಿ, ಇಂಗ್ಲಿಷಿನಲ್ಲಿ ಎಲ್ಲ ಹೇಳಿದೆನಂತೆ. ಯಾವತ್ತು ಎಂದು ಕೇಳಿದೆ. ಅದು ನಾವು ಚರ್ಚಿಗೆ ಹೋದ ದಿನ.

“ನಾನು ರೋಮಿನಲ್ಲಿದ್ದೆ ಐಸಮ್ಮ.”

“ಎಂತ ಹೇಳ್ತೀರಿ! ನಿಮ್ಮ ಮುಖ ನಂಗೆ ಗೊತ್ತಿಲ್ವಾ?”

ಪಾಸ್‌ಪೋರ್ಟ್ ತಂದು ಮುದ್ರೆ ತೋರಿಸಿದೆ. ಅವರು ಅದನ್ನು ನೋಡಲೂ ಇಲ್ಲ. ಉಪಕಾರ ಮಾಡಿಯೂ ಹೇಳಿಕೊಳ್ಳದ ದೊಡ್ಡವಳು ನಾನೆಂದು ಅವರ ಲೆಕ್ಕ.

ಬಂದವಳು ಯಾರೋ ನನಗೆ ಇವತ್ತಿಗೂ ತಿಳಿದಿಲ್ಲ. ಅಷ್ಟು ಹೊತ್ತು ಆ ಕಲ್ಲಿನ ತಾಯಿಮಗನ ಮುಂದೆ ನಿಂತಿದ್ದಾಗ ಐಸಮ್ಮನ ನೆನಪಾಗಲೀ ನೌಫಲನ ನೆನಪಾಗಲೀ ನನಗೆ ಒಮ್ಮೆಯೂ ಬಂದಿರಲಿಲ್ಲ. ಅದನ್ನು ಮಾತ್ರ ಐಸಮ್ಮನಿಗೆ ಹೇಳಲಾಗಿಲ್ಲ.

ನೌಫಲ್ ಈಗ ಲಿಫ್ಟಿನ ಬಳಿ ಸಿಕ್ಕರೆ, ನನ್ನ ಕೈಯ ತರಕಾರಿ ಚೀಲ ತಾನೇ ತೆಗೆದುಕೊಂಡು ಮನೆಯವರೆಗೆ ಹೊತ್ತು ತರುತ್ತಾನೆ. ನಾನು ತಲೆ ತಗ್ಗಿಸಿ ಅವನ ಹಿಂದೆ ನಡೆಯುತ್ತೇನೆ.