ಮುಚ್ಚಳದ ತೂತು

ಮೊನ್ನೆ ಗೊರಗುಂಟೆಪಾಳ್ಯದ ಬಂಕಿನಲ್ಲಿ ಸ್ಕೂಟರಿನ ಪೆಟ್ರೋಲ್ ಮುಚ್ಚಳ ತಿರುಗಿಸಿದಾಗ ಬುಸ್ಸೆಂದು ಸದ್ದಾಯಿತು. ಖಾಲಿಯಾಗುತ್ತಿದ್ದ ಟ್ಯಾಂಕಿಗೆ ಗಾಳಿ ನುಗ್ಗುವ ಸದ್ದು. ಬಂಕಿನವನು "ಫುಲ್ಲಾ ಮೇಡಂ?" ಅಂದಿದ್ದಕ್ಕೆ ಸುಮ್ಮಸುಮ್ಮನೆ ಸಿಡುಕಿದೆ. ಪಾಪ, ಅವನದೇನು ತಪ್ಪು... ನನ್ನ ಸಿಟ್ಟು ಸತ್ತುಹೋದವರೊಬ್ಬರ ಮೇಲಿತ್ತು.

ಅವರು ಗಂಗಾನಗರದಲ್ಲಿ ನಮ್ಮ ಎದುರು ಮನೆಯವರು. ನಾನು ಅಣ್ಣ ಅನ್ನುತ್ತಿದ್ದೆ. ಮನೆ ಕಟ್ಟಿಸಿ ಮಾರುವ ವ್ಯವಹಾರ, ಮಾಕಳಿ ಕಡೆ ಹಿರಿಯರ ಜಮೀನು. ಆ ಜಮೀನಿನಲ್ಲಿ ತಗಡಿನ ಶೆಡ್ಡು ಹಾಕಿಸಿ, ಇಬ್ಬರು ಕೂರುವ ಪುಟ್ಟ ವಿಮಾನವೊಂದನ್ನು ತಾವೇ ಕಟ್ಟುತ್ತಿದ್ದರು. ಹಾರಿಸುವುದನ್ನೂ ಕಲಿತುಕೊಂಡಿದ್ದರು. ನಾನು ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಡಿಸೈನ್ ಕೆಲಸದಲ್ಲಿದ್ದೆ. ಹಾಗಾಗಿ ಟ್ಯಾಂಕಿನಿಂದ ಇಂಜಿನ್ನಿಗೆ ಪೆಟ್ರೋಲ್ ತಲುಪಿಸುವ ಕೆಲಸ ನನ್ನ ಪಾಲಿಗೆ ಬಂತು. ಭಾನುವಾರಗಳೆಲ್ಲ ಆ ಶೆಡ್ಡಿನಲ್ಲೇ ಕಳೆದವು.

ಎಂಥ ಎಚ್ಚರದ ಮನುಷ್ಯ ಅನ್ನುತ್ತೀರಿ! ಟ್ಯಾಂಕು ರೆಕ್ಕೆಯಲ್ಲೇ ಇರಬೇಕು, ಪೆಟ್ರೋಲ್ ತನ್ನ ಭಾರಕ್ಕೆ ತಾನೇ ಇಳಿಯಬೇಕು, ಪಂಪು ಕೈಕೊಟ್ಟರೂ ಇಂಜಿನ್ ನಿಲ್ಲಬಾರದು. ನೀರು, ಕಸ ತಂಗುವುದಕ್ಕೆ ಕೆಳಗೊಂದು ಬಟ್ಟಲು. ಬಿಸಿಗೆ ಪೈಪಿನೊಳಗೆ ಆವಿ ಕಟ್ಟಬಾರದೆಂದು ಅದನ್ನು ಸೈಲೆನ್ಸರಿನಿಂದ ದೂರ ಒಯ್ದಿದ್ದರು. ಒಂದು ಬೆಸುಗೆ ಮನಸ್ಸಿಗೆ ಬರದಿದ್ದರೆ ಕಿತ್ತು ಮತ್ತೆ ಮಾಡಿಸುವರು. ನಮಗೆ ಜಗಳವಾದದ್ದು ಒಂದೇ ವಿಷಯಕ್ಕೆ. ಪೆಟ್ರೋಲ್ ಇಳಿದಷ್ಟೂ ಟ್ಯಾಂಕಿನೊಳಕ್ಕೆ ಗಾಳಿ ಬರಬೇಕು, ಬರದಿದ್ದರೆ ಪೆಟ್ರೋಲ್ ಇಳಿಯುವುದೇ ನಿಂತುಹೋಗುತ್ತದೆ. ಅದಕ್ಕೆಂದು ಅವರು ಬಿಟ್ಟಿದ್ದು ಮುಚ್ಚಳದಲ್ಲೊಂದು ಸಣ್ಣ ತೂತು, ಅಷ್ಟೆ. ಇನ್ನೊಂದು ಗಾಳಿಕೊಳವೆ ಹಾಕಿ ಅಂತ ನಾನು ಬಡಕೊಂಡೆ.

"ಬೈಕೆಲ್ಲ ಇದೇ ತೂತಲ್ಲಿ ಓಡಲ್ವೇನಮ್ಮಾ?"

"ಬೈಕ್ ನಿಂತ್ರೆ ಕಾಲು ಕೆಳಗಿಡ್ತೀರ. ಮೇಲೆ ನಿಂತ್ರೆ ಎಲ್ಲಿಡ್ತೀರಣ್ಣ?"

ನಕ್ಕುಬಿಟ್ಟರು. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು. ಆ ನಗು ನೆನಪಾದರೆ ಈಗಲೂ ಮೈ ಉರಿಯುತ್ತದೆ.

ವಿಜಯದಶಮಿಯಂದು ಮೊದಲ ಹಾರಾಟ ಎಂದಾಯಿತು. ಹಿಂದಿನ ದಿನ ಆಯುಧಪೂಜೆ. ತಾಯಿಯಿಲ್ಲದ ಅಣ್ಣನನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕ ಶೆಡ್ಡಿಗೆ ಬಂದು, ಗಂಧ ಅರಿಶಿನ ಗಟ್ಟಿಯಾಗಿ ಕಲಸಿ, ಚಕ್ರಕ್ಕೆ, ಮುಂದಿನ ಫ್ಯಾನಿಗೆ, ಕೊನೆಗೆ ಸ್ಟೂಲು ಹತ್ತಿ ರೆಕ್ಕೆಯ ಮೇಲಿನ ಪೆಟ್ರೋಲ್ ಮುಚ್ಚಳಕ್ಕೂ ಹೆಬ್ಬೆರಳಿನಿಂದ ಒತ್ತಿ ಹಚ್ಚಿದರು. ಮೇಲೊಂದು ಕುಂಕುಮದ ಬೊಟ್ಟು. ತೂತು ಸರಿಯಾಗಿ ಅದರ ಕೆಳಗೆ. ನಾನು ಅಣ್ಣನ ಕಿವಿಯಲ್ಲಿ "ಒರೆಸಿ" ಅಂದೆ.

"ಅಕ್ಕನ ಮುಂದೆ ಕುಂಕುಮ ಒರೆಸ್ಲಾ? ಬೆಳಿಗ್ಗೆ ಒರೆಸ್ತೀನಿ ಬಿಡಮ್ಮಾ."

ಬೆಳಿಗ್ಗೆ ಫೋನ್ ಮಾಡಿ ಕೇಳಿದೆ. "ಹೂಂ, ಹೂಂ, ಆಯ್ತು" ಅಂದರು. ಆರತಿ ಎತ್ತಲು ಬಂದಿದ್ದ ಅಕ್ಕನ ದನಿ ಪಕ್ಕದಲ್ಲೇ ಕೇಳುತ್ತಿತ್ತು...

ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ನಾನು ತಲುಪುವ ಹೊತ್ತಿಗೆ ವಿಮಾನ ಆಚೆಯ ನೀಲಗಿರಿ ತೋಪಿನಲ್ಲಿ ಬಿದ್ದಿತ್ತು. ಮೇಲೇರಿದ ಮೇಲೆ ಇಂಜಿನ್ ಒಮ್ಮೆ ಕೆಮ್ಮಿ ನಿಂತಿತಂತೆ. ಅಣ್ಣ ಆಸ್ಪತ್ರೆ ಮುಟ್ಟಲಿಲ್ಲ. ರೆಕ್ಕೆ ಅಷ್ಟಾಗಿ ಮುರಿದಿರಲಿಲ್ಲ. ಮುಚ್ಚಳದ ಮೇಲೆ ಬೊಟ್ಟು ಒಣಗಿ ಗಾರೆಯ ಹಾಗೆ ಕೂತಿತ್ತು. ತಿರುಗಿಸಿದೆ, ಬುಸ್ಸೆಂದಿತು. ಒಳಗೆ ಬೇಕಾದಷ್ಟು ಪೆಟ್ರೋಲ್ ಇತ್ತು. ಅಕ್ಕ ಅತ್ತ ಎದೆ ಬಡಿದುಕೊಳ್ಳುತ್ತಿದ್ದರು. ಅವರು ಈ ಕಡೆ ನೋಡುವ ಮುಂಚೆ ದುಪಟ್ಟಾದಿಂದ ಆ ಬೊಟ್ಟನ್ನು ಒರೆಸಿಬಿಟ್ಟೆ. ಎರಡು ಸಲ ಉಜ್ಜಿದ್ದಕ್ಕೆ ಹೋಯಿತು.

ಇಷ್ಟೇ ಕೆಲಸ! ಅದನ್ನು ಮಾಡಲಾಗದಿದ್ದರೆ ಹಾರಾಟವನ್ನು ಮುಂದೂಡಬಹುದಿತ್ತು. ಅಕ್ಕನನ್ನು ಕಾಫಿ ಫ್ಲಾಸ್ಕು ತರಲು ಶೆಡ್ಡಿನೊಳಗೆ ಕಳಿಸಬಹುದಿತ್ತು. ಅಕ್ಕ ಬೇಜಾರು ಮಾಡಿಕೊಂಡಾರು ಅಂತ ನನಗೆ ಸುಳ್ಳು ಹೇಳಿ ಹಾರಿದರಲ್ಲ, ಈಗ ಆಕೆ ಸಂತೋಷವಾಗಿದ್ದಾರಾ? ಸಾವಿನ ಮನೆಯಲ್ಲಿ ಬಂದವರೆಲ್ಲ ದೃಷ್ಟಿ ತಾಗಿತು, ಹಣೆಬರಹ ಅಂದರು. ಯಾವ ಹಣೆಬರಹ, ಮಣ್ಣಾಂಗಟ್ಟಿ!

ಅಕ್ಕ ಈಗಲೂ ಎದುರು ಮನೆಯಲ್ಲೇ ಇದ್ದಾರೆ. ಬಂಕಿನಿಂದ ಬಂದ ಸಂಜೆ ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿದರು.

"ಪೂಜೆಲಿ ನಂದೇನಾದ್ರೂ ಎಚ್ಚುಕಮ್ಮಿ ಆಯ್ತೇನವ್ವಾ? ಅಂಗ್ಯಾಕ್ ನಿಂತೋಯ್ತು ಆ ಇಂಜಿನ್ನು? ನಿಂಗ್ ಗೊತ್ತಿರ್ಬೇಕು."

ಇಷ್ಟು ವರ್ಷ ಆಕೆ ಮನಸ್ಸಿನಲ್ಲಿ ಅದನ್ನೇ ಅರೆಯುತ್ತಿದ್ದರು ಅಂತ ನನಗೆ ಗೊತ್ತೇ ಇರಲಿಲ್ಲ.

"ಇಲ್ಲಮ್ಮ, ಪೂಜೆಗೇನೂ ಆಗಿಲ್ಲ" ಅಂದೆ. "ಪೈಪಿನ ಕೆಲಸ ನಂದು. ಅಲ್ಲೇ ತಪ್ಪಾಗಿದ್ದು."

ಆಕೆ ನನ್ನ ಮುಖವನ್ನೇ ನೋಡಿದರು. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅವತ್ತಿನಿಂದ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ.

ರಸ್ತೆ ದಾಟಿ ಹೋಗಿ ಅಣ್ಣನನ್ನು ಚೆನ್ನಾಗಿ ಬೈಯಬೇಕು ಅನ್ನಿಸುತ್ತದೆ. ಬೈಸಿಕೊಳ್ಳುವುದಕ್ಕೂ ಅವರಿಲ್ಲ.